ಮಂಗಟ್ಟೆಯ ಹಾಜರಿ

ನನ್ನ ಹತ್ತಿರ ಉಳಿದಿರುವ ಒಂದು ಹಳೆಯ ಚೆಕ್‌ರೋಲಿನಲ್ಲಿ ಒಂದು ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆಯಿದೆ. ಆ ಗೆರೆಯನ್ನು ಅಳಿಸಲು ಹೋಗಿ ನಾನೇ ಮಾಡಿದ ತೂತು ಅದರ ಪಕ್ಕದಲ್ಲಿದೆ. ಚೆಕ್‌ರೋಲೆಂದರೆ ಕಾಫಿ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಹಾಕುವ ಉದ್ದನೆಯ ಪುಸ್ತಕ. ಆದರೆ ಈ ಪುಸ್ತಕದಲ್ಲಿ ಒಬ್ಬ ಆಳಿನ ಹೆಸರೂ ಇಲ್ಲ. ಮೊದಲ ಸಾಲಿನಲ್ಲಿ ‘ಮಂಗಟ್ಟೆ, ಗಂಡು’ ಎಂದಿದೆ. ಎರಡನೆಯ ಸಾಲಿನಲ್ಲಿ, ಗೆರೆಯ ಅಡಿಯಲ್ಲಿ, ‘ಮಂಗಟ್ಟೆ, ಹೆಣ್ಣು’.

ಕೊಡಗು ತನ್ನದೇ ಚೀಫ್ ಕಮಿಷನರನ್ನೂ ತನ್ನದೇ ಪುಟ್ಟ ವಿಧಾನಸಭೆಯನ್ನೂ ಇಟ್ಟುಕೊಂಡು ಒಂದು ರಾಜ್ಯವಾಗಿದ್ದ ಕಾಲ. ನಾನು ವಿರಾಜಪೇಟೆಯಿಂದ ಮಾಕುಟ್ಟದ ಕಡೆಗೆ ಇಳಿಯುವ ರಸ್ತೆಯ ಒಂದು ಎಸ್ಟೇಟಿನಲ್ಲಿ ರೈಟರಾಗಿದ್ದೆ. ಹೆಸರಿಗೆ ರೈಟರ್, ಬರೆದದ್ದೆಲ್ಲ ಆಳುಗಳ ಹಾಜರಿ, ಮಳೆಯ ಅಳತೆ, ಗೊಬ್ಬರದ ಚೀಲ. ನಮ್ಮ ಹಿರಿಯರು ಹಾಸನದ ಕಡೆಯಿಂದ ಕುಶಾಲನಗರದ ಪಕ್ಕಕ್ಕೆ ಬಂದು ಬೇಸಾಯ ಹಿಡಿದವರು. ಅವರಿಂದ ನನಗೆ ಬಂದ ಆಸ್ತಿಯೆಂದರೆ ಚಿಂತೆ. ಬಾಗಿಲಿಗೆ ಬೀಗ ಹಾಕಿ ಮೂರು ಸಲ ಎಳೆದು ನೋಡುತ್ತಿದ್ದೆ. ಜನವರಿಯಲ್ಲೂ ಕೊಡೆ ಹಿಡಿದು ತೋಟಕ್ಕೆ ಹೋಗುತ್ತಿದ್ದೆ. ಈಗ ನಡುವಯಸ್ಸು ದಾಟುತ್ತಿದ್ದೇನೆ; ನಾಲ್ಕು ಸಲ ಎಳೆಯುತ್ತೇನೆ.

ಇಂಥವನಿಗೆ ಹಕ್ಕಿಯ ಹುಚ್ಚು ಹಿಡಿಸಿದವರು ವಿರಾಜಪೇಟೆಯ ಒಬ್ಬ ನಿವೃತ್ತ ಮೇಷ್ಟ್ರು. ಸಂತೆಯ ದಿನ ಪೇಟೆಗೆ ಬಂದ ಎಸ್ಟೇಟ್ ರೈಟರುಗಳನ್ನು ಅವರು ಅಂಗಡಿಯ ಜಗಲಿಯಲ್ಲಿ ಹಿಡಿದು ನಿಲ್ಲಿಸಿ, ಒಬ್ಬೊಬ್ಬರ ಕೈಗೂ ನಾಲ್ಕು ಪೋಸ್ಟ್ ಕಾರ್ಡು ತುರುಕುತ್ತಿದ್ದರು. “ವಾರಕ್ಕೊಂದು ಕಾರ್ಡು. ನಿಮ್ಮ ತೋಟದಲ್ಲಿ, ಪಕ್ಕದ ಕಾಡಲ್ಲಿ ಏನು ಕಂಡಿತು, ಎಲ್ಲಿ ಕಂಡಿತು, ಅಷ್ಟೇ. ಕವಿತೆ ಬೇಡ” ಎನ್ನುತ್ತಿದ್ದರು. ಬಂದ ಕಾರ್ಡುಗಳನ್ನೆಲ್ಲ ಒಟ್ಟುಮಾಡಿ, ಕಾರ್ಬನ್ ಹಾಳೆಯಿಟ್ಟು ಪ್ರತಿ ತೆಗೆದು, ತಿಂಗಳಿಗೊಮ್ಮೆ ಎಲ್ಲರಿಗೂ ಕಳಿಸುತ್ತಿದ್ದರು. ಹೀಗೆ ತಿತಿಮತಿಯ ಕಡೆಯ ಒಬ್ಬ ರೈಟರನ ಕೆರೆಗೆ ನೀರುನಾಯಿ ಬಂದದ್ದು ನನಗೆ ಗೊತ್ತಾಗುತ್ತಿತ್ತು. ನಮ್ಮ ಗೋಳಿಮರದ ಕೆಂದಳಿಲು ಅವನಿಗೆ ಗೊತ್ತಾಗುತ್ತಿತ್ತು. ಮುಖ ನೋಡದೆಯೂ ನಾವು ನೆಂಟರಾಗಿದ್ದೆವು.

ಆಟದಂತೆ ಶುರುವಾದ ಈ ಪಟ್ಟಿಗೆ ಒಂದು ಉಪಯೋಗವೂ ಇತ್ತು. ಕಾಡಿನಲ್ಲಿ ಮರ ಕಡಿಯಲು ಗುರುತು ಹಾಕುವ ಮೊದಲು ಅಲ್ಲಿನ ರೇಂಜರು ಮೇಷ್ಟ್ರ ಪಟ್ಟಿಯನ್ನು ತರಿಸಿ ನೋಡುತ್ತಿದ್ದರು. ಹಕ್ಕಿ ಸಂಸಾರ ಹೂಡಿದ ಮರವೆಂದು ಪಟ್ಟಿಯಲ್ಲಿದ್ದರೆ ಅದನ್ನು ಬಿಟ್ಟು ಪಕ್ಕದ್ದಕ್ಕೆ ಸುತ್ತಿಗೆಯ ಮುದ್ರೆ ಹೊಡೆಸುತ್ತಿದ್ದರು. ಕಾನೂನಲ್ಲ, ಮೇಷ್ಟ್ರ ಮೇಲಿನ ಗೌರವ. ರೇಂಜರು ಅವರ ಕೈಯಲ್ಲೇ ಏಟು ತಿಂದು ಮಗ್ಗಿ ಕಲಿತವರು.

ಮೇಷ್ಟ್ರು ಕಾರ್ಡು ಕೇಳಿದರೆ ನಾನು ಪುಸ್ತಕವನ್ನೇ ಇಟ್ಟೆ. ಇಲಿ ಕಚ್ಚಿದ್ದರಿಂದ ಆಫೀಸು ಬೇಡವೆಂದ ಒಂದು ಚೆಕ್‌ರೋಲಿತ್ತು. ಅದರಲ್ಲಿ ಕಾಡುಜೀವಿಗಳ ಹೆಸರು ಬರೆದು ದಿನವೂ ಹಾಜರಿ ಹಾಕತೊಡಗಿದೆ. ಬಂದರೆ ‘ಹಾ’, ಬಾರದಿದ್ದರೆ ‘ಗೈ’. ಕೆಂದಳಿಲು ಬೆಳಿಗ್ಗೆ ಮಾತ್ರ ಬರುತ್ತಿದ್ದುದರಿಂದ ಅದಕ್ಕೆ ಅರ್ಧ ದಿನ. ಆನೆ ಕರೆಯದೆ ಬಂದು, ಬಾಳೆಗಿಡಗಳನ್ನು ಮುಗಿಸಿ, ಹೇಳದೆ ಹೋಗುತ್ತಿತ್ತು; ಅದನ್ನು ಗುತ್ತಿಗೆ ಕೆಲಸದವರ ಪುಟಕ್ಕೆ ಸೇರಿಸಿದೆ.

ಎಲ್ಲರಿಗಿಂತ ಮೇಲೆ ಮಂಗಟ್ಟೆಯ ಜೋಡಿ. ನೋಡದವರಿಗೆ ಹೇಳುತ್ತೇನೆ: ಹದ್ದಿಗಿಂತ ದೊಡ್ಡ ಹಕ್ಕಿ, ಮೈ ಕಪ್ಪು ಬಿಳಿ, ಬಾಳೆಹಣ್ಣಿನಂಥ ಭಾರಿ ಕೊಕ್ಕು, ಆ ಕೊಕ್ಕಿನ ಮೇಲೆ ಹಳದಿಯ ಇನ್ನೊಂದು ದೋಣಿ. ಹಾರಿದರೆ ರೆಕ್ಕೆಯ ಸದ್ದು ಘಟ್ಟ ಹತ್ತುವ ಲಾರಿಯ ಹಾಗೆ. ಮೊದಲ ಸಲ ಕೇಳಿದಾಗ ನಾನು ರಸ್ತೆ ಬಿಟ್ಟು ಪಕ್ಕಕ್ಕೆ ನಿಂತಿದ್ದೆ. ಎಸ್ಟೇಟಿನ ಬೇಲಿಗೆ ತಾಗಿದಂತೆ, ಸರ್ಕಾರಿ ಕಾಡಿನ ಅಂಚಿನಲ್ಲಿ ಒಂದು ದೊಡ್ಡ ತಾರೆ ಮರವಿತ್ತು. ಆ ಜನವರಿಯಲ್ಲಿ ಗಂಡು ಹೆಣ್ಣು ಎರಡೂ ದಿನ ತಪ್ಪದೆ ಅಲ್ಲಿಗೆ ಬಂದವು. ನಾನೂ ದಿನ ತಪ್ಪದೆ ಎರಡಕ್ಕೂ ‘ಹಾ’ ಹಾಕಿದೆ.

ಫೆಬ್ರವರಿ ಹುಟ್ಟಿದ ಮೇಲೆ ಹೆಣ್ಣು ಕಾಣಲಿಲ್ಲ. ಒಂದು ದಿನ, ಎರಡು ದಿನ, ವಾರ. ಗಂಡು ಮಾತ್ರ ಬಂದು ಮರದ ಕಾಂಡಕ್ಕೆ ಆತುಕೊಂಡು, ಕೊಕ್ಕನ್ನು ಮುಂದಕ್ಕೆ ಹಿಂದಕ್ಕೆ ಆಡಿಸುತ್ತಿತ್ತು. ನಾನು ನಿಲ್ಲುವ ದಾರಿಯಿಂದ, ನನ್ನ ಕನ್ನಡಕದಲ್ಲಿ ಕಂಡದ್ದು ಇಷ್ಟು: ಹೆಂಡತಿ ಸತ್ತ ದುಃಖಕ್ಕೆ ಅದು ಮರಕ್ಕೆ ತಲೆ ಚಚ್ಚಿಕೊಳ್ಳುತ್ತಿದೆ. ಮನೆಗೆ ಹೋಗಿ ಹೇಳಿದೆ. ನನ್ನ ಹೆಂಡತಿ ಸೊಪ್ಪು ಸೋಸುತ್ತಿದ್ದವಳು ಕಣ್ಣೊರೆಸಿಕೊಂಡು, “ನಾನು ಹೋದ್ರೆ ನೀವು ಹಿಂಗೆ ಚಚ್ಕೊಳಲ್ಲ ಬಿಡಿ. ಮೊದ್ಲು ಬೀಗ ಎಲ್ಲಿಟ್ಟಿದ್ದಾಳೆ ಅಂತ ಹುಡುಕ್ತೀರ” ಅಂದಳು.

ಹೇಳದೆ ಕೇಳದೆ ಹದಿನೈದು ದಿನ ಕೆಲಸಕ್ಕೆ ಬಾರದವರ ಹೆಸರು ಹೊಡೆದುಹಾಕುವುದು ನಮ್ಮ ಎಸ್ಟೇಟಿನ ಪದ್ಧತಿ. ಹದಿನಾರನೆಯ ದಿನ ಬೆಳಿಗ್ಗೆ ಕೆಂಪು ಶಾಯಿಯಲ್ಲಿ ಅಡಿಪಟ್ಟಿಯಿಟ್ಟು ಗೆರೆ ಎಳೆದೆ. ಗೆರೆ ನೆಟ್ಟಗೆ ಬಂದದ್ದಕ್ಕೆ ಸ್ವಲ್ಪ ಸಮಾಧಾನವೂ ಆಯಿತೆಂದು ಒಪ್ಪಿಕೊಳ್ಳಬೇಕು. ಅಂದಿನ ಕಾರ್ಡಿನಲ್ಲಿ ಮೇಷ್ಟ್ರಿಗೆ ಬರೆದೆ: ‘ತಾರೆ ಮರದ ಮಂಗಟ್ಟೆ ಹೆಣ್ಣು ಹದಿನೈದು ದಿನದಿಂದ ಗೈರುಹಾಜರು. ಹೆಸರು ತೆಗೆದುಹಾಕಲಾಗಿದೆ.’

ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಹೋಗುತ್ತೇನೆ, ತಾರೆ ಮರದ ಬುಡದಲ್ಲಿ ತೊಗಟೆ ಕೆತ್ತಿ ಮುದ್ರೆ ಹೊಡೆದಿದೆ. ಸ್ವಲ್ಪ ದೂರದಲ್ಲಿ ಕಂಟ್ರಾಕ್ಟರನ ಮೇಸ್ತ್ರಿ ಕೊಡಲಿಗೆ ಸಾಣೆ ಹಿಡಿಸುತ್ತಿದ್ದ. ಕಣ್ಣೂರಿನ ಕಡೆಯ ಮನುಷ್ಯ, ಮಾಕುಟ್ಟದ ಕಾಡಿನಲ್ಲೇ ತಲೆ ನರೆತವನು.

“ಇವತ್ತ್ ನಾಲ್ಕ್ ಮರ, ರೈಟ್ರೇ. ಇದ್ ನಾಲ್ಕನೇದ್. ಸಾಯಂಕಾಲ ಆಗ್ತದೆ” ಅಂದ.

ನನಗೆ ಗಂಡಿನ ಬಗ್ಗೆ ಅಯ್ಯೋ ಅನ್ನಿಸಿತು. ಅಷ್ಟು ಬಿಟ್ಟರೆ ಆತಂಕವೇನೂ ಆಗಲಿಲ್ಲ. ಜೀವಮಾನವಿಡೀ ಬೇಡದ್ದಕ್ಕೆ ಆತಂಕಪಟ್ಟವನಿಗೆ ಬೇಕಾದಾಗಲೇ ಅದು ಕೈಕೊಟ್ಟಿತ್ತು.

ಬೇಲಿಯ ಈಚೆ ಹೆಂಗಸರು ಕಾಫಿ ಕುಯ್ಯುತ್ತಿದ್ದರು. ಅವರಿಗೆಲ್ಲ ಹಿರಿಯಳಾದವಳು ಸುಳ್ಯದ ಕಡೆಯಿಂದ ಬಂದು ಲೈನಿನಲ್ಲಿ, ಎಂದರೆ ಆಳುಗಳ ಸಾಲುಮನೆಗಳಲ್ಲಿ, ನೆಲೆನಿಂತ ಒಬ್ಬ ಅಜ್ಜಿ. ಲೈನಿನ ಮಕ್ಕಳೆಲ್ಲ ಅವಳ ಕೈಯಲ್ಲೇ ಹುಟ್ಟಿದವು, ನನ್ನ ಮಗಳೂ. ಅವಳ ಹತ್ತಿರ ನಿಂತು, “ಪಾಪ ಅಜ್ಜಿ, ಆ ಮಂಗಟ್ಟೆಗೆ ಹೆಂಡತಿ ಹೋಯ್ತು. ಈಗ ಮರವೂ ಹೋಗುತ್ತೆ” ಅಂದೆ.

ಅಜ್ಜಿ ಕುಯ್ಯುವ ಕೈ ನಿಲ್ಲಿಸಲಿಲ್ಲ. “ಹೆಂಡ್ತಿ ಹೋಯ್ತು ಅಂತ ನಿಮ್ಗೆ ಯಾರು ಹೇಳಿದ್ದು ರೈಟ್ರೇ?”

“ಫೆಬ್ರವರಿಯಿಂದ ಕಾಣಿಸ್ತಾನೇ ಇಲ್ಲ. ದಿನಾ ಬರ್ಕೊಂಡಿದ್ದೀನಲ್ಲ.”

“ನನ್ನ ಸೊಸೆಯೂ ಇಪ್ಪತ್ತು ದಿನದಿಂದ ಕೆಲ್ಸಕ್ಕೆ ಬರ್ಲಿಲ್ಲ. ಅವ್ಳೂ ಸತ್ಳಾ?”

“ಛೆ, ಅವಳು ಬಾಣಂತಿ ಅಲ್ವಾ?”

“ಮತ್ತೆ ಇದೆಂತದು ಮಾರಾಯ್ರೆ?” ಅಂದಳು ಅಜ್ಜಿ. ಸುತ್ತಲಿನ ಹೆಂಗಸರು ಬಾಯಿಗೆ ಸೆರಗಿಟ್ಟರು. ಒಬ್ಬಳು, “ರೈಟ್ರಿಗೆ ಹಕ್ಕಿ ಹೆಸ್ರು ಬರೀಲಿಕ್ಕೆ ಗೊತ್ತು, ಹಕ್ಕಿ ಗೊತ್ತಿಲ್ಲ” ಅಂದಳು. ನಗು ಗಿಡದಿಂದ ಗಿಡಕ್ಕೆ ಹಬ್ಬಿತು.

ಅಜ್ಜಿ ಬುಟ್ಟಿ ಇಳಿಸಿ, ಬೇಲಿ ದಾಟಿಸಿ, ನನ್ನನ್ನು ಮರದ ಇನ್ನೊಂದು ಬದಿಗೆ ಕರೆದುಕೊಂಡು ಹೋದಳು. ನಾನು ಇಷ್ಟು ದಿನ ನಿಂತು ನೋಡದಿದ್ದ ಬದಿ. ಬುಡದಲ್ಲಿ ಹಣ್ಣಿನ ಬೀಜಗಳ ರಾಶಿ, ಅದರ ಮೇಲೆ ಹಸಿಹಿಕ್ಕೆ. ಮೇಲೆ ಕಾಂಡದಲ್ಲಿ ಒಂದು ಪೊಟರೆ. ಅದರ ಬಾಯನ್ನು ಗಾರೆ ಮೆತ್ತಿದ ಹಾಗೆ ಮುಚ್ಚಿ, ನಡುವೆ ಒಂದು ಸೀಳು ಮಾತ್ರ ಉಳಿಸಿತ್ತು. ಅಷ್ಟರಲ್ಲಿ ಲಾರಿಯ ಸದ್ದಾಯಿತು. ಗಂಡು ಬಂದು ಕಾಂಡಕ್ಕೆ ಆತು, ಗಂಟಲಿನಿಂದ ಒಂದೊಂದೇ ಗೋಳಿಹಣ್ಣು ಹೊರಡಿಸಿ ಸೀಳಿಗೆ ಹಿಡಿಯಿತು. ಒಳಗಿನಿಂದ ಇನ್ನೊಂದು ಕೊಕ್ಕಿನ ತುದಿ ಬಂದು ಹಣ್ಣನ್ನು ತೆಗೆದುಕೊಂಡಿತು. ಒಂದು, ಎರಡು, ಮೂರು. ಅದೇ ನಾನು ಕಂಡ ತಲೆ ಚಚ್ಚಿಕೊಳ್ಳುವಿಕೆ.

“ಒಳಗೆ ಹೋಗಿ ಬಾಗಿಲು ಹಾಕ್ಕೊಳ್ಳೋದು ಅವ್ಳು. ಗಂಡ ತಂದು ಹಾಕೋದು. ಮರಿ ಬಲಿಯುವವರೆಗೆ ಹೀಗೇ” ಅಂದಳು ಅಜ್ಜಿ. ಹಿಕ್ಕೆಯ ಪಕ್ಕದಿಂದ ಒಂದು ಉದ್ದನೆಯ ಗರಿ ಹೆಕ್ಕಿ ಸೆರಗಿಗೆ ಒರೆಸಿ ನನ್ನ ಕೈಗೆ ಕೊಟ್ಟಳು. “ನೋಡಿ, ರೆಕ್ಕೆಯ ಗರಿ. ಉದುರಿಸ್ಕೊಂಡು ಕೂತಿದ್ದಾಳೆ. ಈಗ ಮರ ಬಿದ್ರೆ ಅವ್ಳಿಗೆ ಹಾರ್ಲಿಕ್ಕೂ ಆಗ್ಲಿಕ್ಕಿಲ್ಲ. ಮರಿಯದ್ದು ಕೇಳ್ಲೇಬೇಡಿ.”

ಕೆಂಪು ಗೆರೆ ಕಣ್ಣ ಮುಂದೆ ಬಂತು. ಮರಕ್ಕೆ ಮುದ್ರೆ ಹೊಡೆದದ್ದು ಫಾರೆಸ್ಟಿನವರ ಸುತ್ತಿಗೆಯಲ್ಲ, ನನ್ನ ಅಡಿಪಟ್ಟಿ. ಓಡಿಹೋಗಿ ಮೇಸ್ತ್ರಿಗೆ ಹೇಳಿದೆ. ಅವನು ಬಂದು ತಲೆಯೆತ್ತಿ ನೋಡಿದ. “ಪಡಚ್ಚೋನೇ” ಎಂದು ತನ್ನ ದೇವರನ್ನು ಕರೆದು ಗದ್ದ ತುರಿಸಿಕೊಂಡ. “ವೇಳಾಂಬಲ್, ನಿಮ್ಮ ಮಂಗಟ್ಟೆ, ಒಳಗೆ ಉಂಟು, ಸರಿ. ಆದ್ರೆ ಮುದ್ರೆ ಬಿದ್ದ ಮರ ನಾನ್ ಬಿಟ್ರೆ ಕಂಟ್ರಾಕ್ಟರ್ ನನ್ನ ಬಿಡಲ್ಲ. ರೇಂಜರದ್ದು ಚೀಟಿ ತನ್ನಿ, ರೈಟ್ರೇ. ಚೀಟಿ ಬಂದ್ರೆ ಕೊಡಲಿ ಕೆಳಗಿಡ್ತೇನೆ.”

ಚೀಟಿ ಇರುವುದು ವಿರಾಜಪೇಟೆಯಲ್ಲಿ. ಹೋಗುವ ಬಸ್ಸು ಹತ್ತಕ್ಕೆ, ಬರುವ ಬಸ್ಸು ಕಣ್ಣೂರಿನ ಕಡೆಗೆ ಹೊರಡುವುದು ಮೂರಕ್ಕೆ, ಅದೂ ಹೊರಟರೆ. ನಾನು ಬರುವ ಮೊದಲೇ ಮೂರು ಮರ ಮುಗಿದರೆ? ಬಸ್ಸು ಕೆಟ್ಟರೆ? ರೇಂಜರು ಕ್ಯಾಂಪಿಗೆ ಹೋಗಿದ್ದರೆ? ಹೀಗೆ ನಾನು ನಿಂತಲ್ಲೇ ಬೆರಳು ಮಡಿಸುತ್ತಿದ್ದಾಗ ಅಜ್ಜಿ ನನ್ನ ಕೊಡೆಯ ಹಿಡಿ ಹಿಡಿದು ಅಲ್ಲಾಡಿಸಿದಳು.

“ಲೆಕ್ಕ ಬಸ್ಸಲ್ಲಿ ಹಾಕಿ ರೈಟ್ರೇ. ಹೋಗುವ ಮೊದ್ಲು ಒಂದು ಮಾತು ಹೇಳಿ ಹೋಗಿ: ಇವತ್ತು ಅಳತೆ ತಾರೆ ಮರದ ಬುಡದಲ್ಲಿ ಅಂತ.”

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಕುಯ್ದ ಹಣ್ಣನ್ನು ಸಂಜೆ ಅಳೆಯುವವನು ರೈಟರ್ ಒಬ್ಬನೇ. ಅಳತೆಯಾಗುವವರೆಗೆ ಯಾವ ಹೆಂಗಸೂ ತನ್ನ ಚೀಲ ಬಿಟ್ಟು ಕದಲುವುದಿಲ್ಲ, ಯಾರೂ ಆ ಚೀಲಗಳನ್ನು ಮುಟ್ಟುವ ಹಾಗೂ ಇಲ್ಲ. ಅದು ಎಸ್ಟೇಟಿನಲ್ಲಿ ದೇವರ ಆಣೆಯಷ್ಟೇ ಗಟ್ಟಿ. ನಾನು ಗಂಟಲು ಸರಿಮಾಡಿಕೊಂಡು, ಜನ್ಮದಲ್ಲಿ ಮೊದಲ ಸಲ ಅಧಿಕಾರದ ದನಿಯಲ್ಲಿ ಕೂಗಿದೆ: “ಇವತ್ತು ಅಳತೆ ತಾರೆ ಮರದ ಬುಡದಲ್ಲಿ!” ದನಿ ನಡುವೆ ಒಡೆಯಿತು. ಆದರೂ ಎಲ್ಲರಿಗೂ ಕೇಳಿಸಿತು.

ಗರಿಯನ್ನು ಕೊಡೆಯೊಳಗೆ ಸುತ್ತಿಕೊಂಡು ಬಸ್ಸು ಹತ್ತಿದೆ. ಮೇಷ್ಟ್ರು ಜಗಲಿಯಲ್ಲಿ ಕಾರ್ಬನ್ ಹಾಳೆ ಜೋಡಿಸುತ್ತಿದ್ದರು. ನಾನು ನಡೆದದ್ದನ್ನೆಲ್ಲ ಹೇಳಿ, ಗರಿ ಮುಂದಿಟ್ಟೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

“ಗಂಡು ಮರಕ್ಕೆ ತಲೆ ಚಚ್ಚಿಕೊಳ್ತಾ ಇತ್ತು ಅಂದ್ರಿ. ಎಷ್ಟು ದಿನ ನೋಡಿದ್ರಿ?”

“ದಿನಾ, ಸಾರ್.”

“ಅದನ್ನ ಯಾಕ್ರೀ ಕಾರ್ಡಲ್ಲಿ ಬರೀಲಿಲ್ಲ? ಅದೊಂದು ಸಾಲು ಬರೆದಿದ್ರೆ ನನಗೆ ಆವತ್ತೇ ಗೊತ್ತಾಗ್ತಿತ್ತು!”

“ಅದಕ್ಕೆ ಕಾಲಂ ಇರ್ಲಿಲ್ಲ, ಸಾರ್.”

ಮೇಷ್ಟ್ರು ಕನ್ನಡಕ ಮತ್ತೆ ಹಾಕಿಕೊಂಡರು. ಅವರ ಭುಜ ಕುಲುಕುತ್ತಿತ್ತು. ಬೈಯುತ್ತಾರೆಂದು ಕಾದೆ, ಅವರು ನಗುತ್ತಿದ್ದರು. ಆಮೇಲೆ ಸಟ್ಟನೆ ಎದ್ದು, ಕೋಟು ಹಾಕಿಕೊಂಡು, “ನಡೀರಿ. ನಗೋದು ಆಮೇಲೆ” ಎಂದರು.

ರೇಂಜರು ಪುಣ್ಯಕ್ಕೆ ಆಫೀಸಿನಲ್ಲೇ ಇದ್ದರು. ದೊಡ್ಡ ಮೀಸೆಯ ಕೊಡವರು, ಮೇಷ್ಟ್ರನ್ನು ಕಂಡೊಡನೆ ಎದ್ದು ನಿಂತರು. ವಿಷಯ ಕೇಳಿ ನನ್ನ ಕಡೆ ತಿರುಗಿ, “ನೀವು ಇಲ್ಲ ಅಂದ್ರಿ, ಅದಕ್ಕೆ ಮುದ್ರೆ ಹೊಡೆಸಿದೆ. ಈಗ ಇದೆ ಅಂತೀರ. ಬಾಯಿಮಾತಲ್ಲಿ ಆಗೋದಿಲ್ಲ ರೈಟ್ರೇ, ತಪ್ಪಾಗಿದೆ ಅಂತ ಬರ್ಕೊಡಿ” ಅಂದರು.

ಬರೆದೆ. ಹತ್ತು ವರ್ಷ ಒಂದು ಚುಕ್ಕೆ ತಪ್ಪಾಗದಂತೆ ಲೆಕ್ಕ ಬರೆದ ಕೈ. ‘ನಾನು ಹಾಕಿದ ಹಾಜರಿ ತಪ್ಪು. ಹೆಣ್ಣು ಮರದಲ್ಲೇ ಇತ್ತು, ಇದೆ. ನೋಡಲು ಬಾರದ್ದು ನನಗೆ.’ ಸಹಿ ಹಾಕಿ, ಮೂರು ಗಂಟೆಯ ಬಸ್ಸಿನ ಭಯಕ್ಕೆ ಗಡಿಯಾರ ನೋಡಿದೆ. ರೇಂಜರು ಅದನ್ನು ಓದಿ, ಗರಿಯನ್ನು ಬೆಳಕಿಗೆ ಹಿಡಿದು ನೋಡಿ, ಎರಡು ಸಾಲಿನ ಚೀಟಿ ಗೀಚಿ ಮೊಹರು ಒತ್ತಿದರು. ಹೊರಗೆ ಬರುವಾಗ ಮೇಷ್ಟ್ರು, “ಗರಿ ನನ್ನ ಹತ್ರ ಇರ್ಲಿ” ಅಂದರು. ಅವರ ಮುಖ ಹಬ್ಬದ ಮನೆಯಂತಿತ್ತು.

ಬಸ್ಸು ಕೆಡಲಿಲ್ಲ. ನಾನು ಪಟ್ಟ ಚಿಂತೆಗೆ ಬಸ್ಸಿಗೇ ಮುಜುಗರವಾಗಿರಬೇಕು. ಇಳಿದು ಏದುಸಿರು ಬಿಡುತ್ತಾ ಬೇಲಿಯ ಹತ್ತಿರ ಬಂದರೆ, ಮೂರು ಮರ ಉರುಳಿದ್ದವು. ತಾರೆ ಮರ ನಿಂತಿತ್ತು. ಅದರ ಸುತ್ತ ಕೋಟೆ ಕಟ್ಟಿದ ಹಾಗೆ ಕಾಫಿ ಹಣ್ಣಿನ ಚೀಲಗಳು. ಚೀಲಗಳ ಮೇಲೆ ಸಾಲಾಗಿ ಹೆಂಗಸರು, ಎಲೆಯಡಿಕೆಯೋ ಹರಟೆಯೋ ನಡೆದಿತ್ತು. ಅಜ್ಜಿಯ ಬಾಣಂತಿ ಸೊಸೆ ಮಾತ್ರ ಇರಲಿಲ್ಲ. ಕೊಡಲಿಯವರು ದೂರದಲ್ಲಿ ಬೀಡಿ ಸೇದುತ್ತಾ ಕೂತಿದ್ದರು. ಮೇಸ್ತ್ರಿ ಅಜ್ಜಿಯ ಎಲೆಚೀಲದಿಂದಲೇ ಎಲೆ ತೆಗೆದು ಸುಣ್ಣ ಹಚ್ಚುತ್ತಿದ್ದ.

“ನೋಡಿ ರೈಟ್ರೇ, ಈ ಅಮ್ಮಚ್ಚಿ ನನ್ನ ಕೇಳ್ತಾಳೆ, ಬಾಣಂತಿ ಮನೆ ಬಾಗಿಲಲ್ಲಿ ಕೊಡಲಿ ಹಿಡ್ಕೊಂಡ್ ನಿಲ್ಲೋ ಗಂಡಸು ಯಾವ ಊರವನು ಅಂತ. ನಾನ್ ಯಾವ ಊರ್ ಅಂತ ಹೇಳ್ಲಿ?”

ಚೀಟಿ ಕೊಟ್ಟೆ. ಅವನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಮೊಹರನ್ನು ಹೆಬ್ಬೆರಳಿನಿಂದ ಸವರಿ ನೋಡಿ, ಮಡಿಸಿ ಜೇಬಿಗಿಟ್ಟ. “ಆಯ್ತು. ನಾಲ್ಕನೇ ಮರ ಬೇರೆ ಹುಡ್ಕ್ತೇನೆ.” ಕೊಡಲಿಯವರು ಎದ್ದರು. ಹೆಂಗಸರಲ್ಲಿ ಒಬ್ಬಳು ಹೋ ಎಂದು ಕೂಗಿದಳು, ಎಲ್ಲರೂ ಕೂಗಿದರು. ಆ ಗದ್ದಲಕ್ಕೆ ಗಂಡು ಮಂಗಟ್ಟೆ ಹಣ್ಣು ತಂದದ್ದು ಹಾಗೇ ಒಂದು ಸುತ್ತು ಹಾಕಿ ಹೋಯಿತು.

“ಸಾಕು, ಬಾಯಿ ಮುಚ್ಚಿ! ಅವ್ಳಿಗೆ ಊಟ ತಪ್ಪಿಸ್ತೀರಾ?” ಅಂದಳು ಅಜ್ಜಿ. ನನ್ನ ಕಡೆ ತಿರುಗಿ, “ಅಳೀರಿ ರೈಟ್ರೇ, ಕತ್ತಲಾಗ್ತದೆ.”

ಆ ತಿಂಗಳ ಪಟ್ಟಿಯಲ್ಲಿ ಮೇಷ್ಟ್ರು ನನ್ನ ತಪ್ಪೊಪ್ಪಿಗೆಯನ್ನು ಅಕ್ಷರ ಬಿಡದೆ ನಕಲು ಮಾಡಿ ಎಲ್ಲರಿಗೂ ಕಳಿಸಿದರು. ಜೊತೆಗೆ ಹೊಸ ಸೂಚನೆ: ‘ಇನ್ನು ಮುಂದೆ ಕಾಲಂ ಇಲ್ಲದ್ದನ್ನು ಮೊದಲು ಬರೆಯಿರಿ.’ ಸಂತೆಯಲ್ಲಿ ಸಿಕ್ಕ ರೈಟರುಗಳೆಲ್ಲ, “ನಿಮ್ಮ ಮಂಗಟ್ಟಮ್ಮ ಡ್ಯೂಟಿಗೆ ಬಂದ್ರಾ?” ಎಂದು ಕೇಳುವವರೇ. ಆದರೆ ಮುಂದಿನ ತಿಂಗಳು ತಿತಿಮತಿಯ ನೆಂಟ ಬರೆದಿದ್ದ: ತಾನು ಹೆಸರು ಹೊಡೆದುಹಾಕಿದ್ದ ಒಂದು ಮಂಗಟ್ಟೆಯ ಮರವನ್ನು ಆಚೆ ಬದಿಯಿಂದ ಹೋಗಿ ನೋಡಿದನಂತೆ. ಅಲ್ಲೂ ಸೀಳು, ಅಲ್ಲೂ ಕೊಕ್ಕಿನ ತುದಿ. ಆ ಕಾರ್ಡಿನ ಸಾಲು ಓದಿದಾಗ ನನ್ನ ಮಾನ ಹೋದದ್ದು ಅಗ್ಗವಾಗಿಯೇ ಹೋಯಿತು ಅನ್ನಿಸಿತು.

ನಾನು ಕೆಂಪು ಗೆರೆಯನ್ನು ಬ್ಲೇಡಿನಿಂದ ಕೆರೆದು ತೂತು ಮಾಡಿದ್ದು ಆಗಲೇ. ಗೆರೆ ಹೋಗಲಿಲ್ಲ. ಬದಿಯಲ್ಲಿ ‘ಹೆರಿಗೆ ರಜೆ’ ಎಂದು ಬರೆದೆ. ತಿಂಗಳ ಕೊನೆಗೆ ಪುಸ್ತಕಗಳ ರಾಶಿಯನ್ನು ಸಹಿಗೆಂದು ಧಣಿಗಳ ಮುಂದಿಟ್ಟಾಗ, ಆತುರದಲ್ಲಿ ಇದೂ ಅದರೊಳಗೆ ಸೇರಿಬಿಟ್ಟಿತ್ತು. ಅವರು ಒಂದೊಂದೇ ಪುಟ ತಿರುವಿ ಸಹಿ ಹಾಕುತ್ತಾ ಬಂದವರು ನಿಂತರು.

“ಹೆರಿಗೆ ರಜೆ. ಇವಳು ಯಾವ ಲೈನಿನವಳು?”

“ಲೈನಿನವಳಲ್ಲ, ಸಾರ್. ಮರದವಳು.”

ಅವರು ಮೇಲಿನಿಂದ ಕೆಳಗಿನವರೆಗೆ ಇಡೀ ಪುಟ ಓದಿದರು. ಆನೆಯ ಗುತ್ತಿಗೆ ಕೆಲಸವನ್ನೂ ಓದಿದರು. ಸಹಿ ಹಾಕಿ ಮುಂದಿನ ಪುಸ್ತಕ ತೆಗೆದುಕೊಂಡರು. ಹೀಗೆ ಆ ರಜೆ ಕ್ರಮಬದ್ಧವಾಗಿ ಮಂಜೂರಾಯಿತು.

ಮೇ ತಿಂಗಳಲ್ಲಿ, ಮುಂಗಾರಿಗೆ ಮೊದಲಿನ ಒಂದು ಮಳೆ ಬಿದ್ದ ಮರುದಿನ, ಕಳೆ ತೆಗೆಯುತ್ತಿದ್ದ ಅಜ್ಜಿ ಆಫೀಸಿನ ಬಾಗಿಲಿಗೇ ಬಂದಳು. “ಪುಸ್ತಕ ತಕ್ಕೊಂಡು ಬನ್ನಿ” ಅಂದಳಷ್ಟೆ. ನಾನು ಬೀಗ ಒಂದೇ ಸಲ ಎಳೆದು ಹೊರಟೆ.

ತಾರೆ ಮರದ ಬುಡದಲ್ಲಿ ಗಾರೆಯ ಚೂರುಗಳು ಬಿದ್ದಿದ್ದವು. ಮೇಲಿನ ಕೊಂಬೆಯಲ್ಲಿ ಹೆಣ್ಣು ಕೂತಿತ್ತು. ಮೈಯೆಲ್ಲ ಕೊಳೆ, ಬಾಲ ಒಂದು ಬದಿಗೆ ಸೊಟ್ಟ, ಬೆಳಕಿಗೆ ಕಣ್ಣು ಕಿರಿದುಮಾಡಿಕೊಂಡು, ಮೊದಲ ಸಲ ಹೊರಗೆ ಬಿಸಿಲಿಗೆ ಬಂದು ಕೂತ ಬಾಣಂತಿಯೇ. ಅಜ್ಜಿಯ ಸೊಸೆ ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡು ನಮ್ಮ ಪಕ್ಕದಲ್ಲೇ ನಿಂತಿದ್ದಳು. ಹೆಣ್ಣು ಒಂದು ಸಲ ರೆಕ್ಕೆ ಬಿಚ್ಚಿ ಮುಚ್ಚಿತು. ಇನ್ನೊಂದು ಸಲ ಬಿಚ್ಚಿದ್ದು ಮುಚ್ಚಲಿಲ್ಲ. ಸೊಟ್ಟಸೊಟ್ಟಗೆ, ಆದರೆ ಲಾರಿಯ ಪೂರ್ತಿ ಸದ್ದಿನೊಂದಿಗೆ ನಮ್ಮ ತಲೆಯ ಮೇಲೆ ಹಾದು ಗೋಳಿಮರದ ಕಡೆಗೆ ಹೋಯಿತು. ನಾನು ಆ ದಿನದ ಚೌಕದಲ್ಲಿ ‘ಹಾ’ ಹಾಕಿದೆ. ಪೆನ್ಸಿಲಿನ ಮೊನೆ ಮುರಿಯುವಷ್ಟು ಒತ್ತಿ.

“ಮಗು ಇನ್ನೂ ಒಳಗೇ ಉಂಟು” ಅಂದಳು ಅಜ್ಜಿ. ಹೌದು, ಪೊಟರೆಯೊಳಗಿನಿಂದ ಯಾರೋ ಒಡೆದ ಗಾರೆಯನ್ನು ಮತ್ತೆ ಮೆತ್ತುತ್ತಿದ್ದರು. ತಾಯಿ ಹೋದ ಮೇಲೆ ಮರಿ ತಾನೇ ಬಾಗಿಲು ಹಾಕಿಕೊಳ್ಳುತ್ತಿತ್ತು. ಎಳೆಯ ಕೊಕ್ಕು, ಕೆಲಸ ಒರಟು. ನನ್ನ ಹಾಗೇ ಬೀಗ ಎಳೆದು ನೋಡುವ ಜಾತಿ.

ಮೂರನೆಯ ಸಾಲು ಗೀಟು ಹಾಕಿ ‘ಮಂಗಟ್ಟೆ, ಮರಿ’ ಎಂದು ಬರೆದೆ. ಪೆನ್ಸಿಲು ಅಭ್ಯಾಸಬಲದಿಂದ ಚೌಕದ ಕಡೆ ಇಳಿಯಿತು.

“ಗೈ ಅಂತ ಹಾಕೀರಿ, ಜೋಕೆ!” ಅಂದಳು ಅಜ್ಜಿ. ಅವಳಿಗೆ ಓದು ಬಾರದು. ನನ್ನ ಕೈ ಓದಲು ಬರುತ್ತಿತ್ತು.

ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡೆ. ಆ ಚೌಕ ಇವತ್ತಿಗೂ ಖಾಲಿಯಿದೆ.